ಮುಟ್ಟಿದರೆ ಸಾಕು, ಕೆಡವಬೇಕಿಲ್ಲ

ಬೇಸಿಗೆ ಬಂತೆಂದರೆ ಸಿಡ್ನಿಯ ಪಾರ್ಕುಗಳಲ್ಲಿ ಸಂಜೆ ಟಚ್ ಫುಟ್ಬಾಲ್ ಶುರು. ಆಫೀಸು ಮುಗಿಸಿ ಬಂದವರು, ಕಾಲೇಜು ಹುಡುಗಿಯರು, ಗಂಡ ಹೆಂಡತಿ, ಎಲ್ಲರೂ ಒಂದೇ ತಂಡದಲ್ಲಿ ಓಡುತ್ತಿರುತ್ತಾರೆ. ಇಲ್ಲಿರುವ ನಮ್ಮ ಕನ್ನಡಿಗರಲ್ಲಿ ಬಹಳ ಜನ ‘ಅದು ರಗ್ಬಿ, ನಮಗಾಗೋದಲ್ಲ’ ಎಂದು ಪಕ್ಕದ ಕ್ರಿಕೆಟ್ ನೆಟ್ಸಿಗೆ ಹೋಗಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಮಂಡ್ಯ ಕಡೆ ಕಬಡ್ಡಿ ನೋಡಿಕೊಂಡು ಬೆಳೆದವನು ನಾನು. ಕಬಡ್ಡಿ ಗೊತ್ತಿರುವವರಿಗೆ ಇಷ್ಟು ಸಲೀಸಾಗಿ ಅರ್ಥವಾಗುವ ಆಟ ಈ ದೇಶದಲ್ಲಿ ಇನ್ನೊಂದಿಲ್ಲ ಅನ್ನುತ್ತೇನೆ.

ಆಟ ಹುಟ್ಟಿದ್ದು ಇಲ್ಲೇ, ಸೌತ್ ಸಿಡ್ನಿಯಲ್ಲಿ, 1968ರಲ್ಲಿ. ರಗ್ಬಿ ಲೀಗ್ ಎಂಬ ರಗ್ಬಿಯ ಬಗೆಯಲ್ಲಿ ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಬೇಕು. ಇಲ್ಲಿ ಕೈ ತಾಕಿಸಿದರೆ ಸಾಕು. ಮೈ, ಬಟ್ಟೆ, ಕೂದಲು, ಕೈಯಲ್ಲಿರುವ ಚೆಂಡು, ಯಾವುದಕ್ಕೆ ತಾಕಿದರೂ ಲೆಕ್ಕ. ಆದರೆ ಮೆಲ್ಲಗೆ ಮುಟ್ಟಬೇಕು. ತಳ್ಳಿದರೆ, ಹೊಡೆದರೆ ಪೆನಾಲ್ಟಿ.

ಮೈದಾನ 70 ಮೀಟರ್ ಉದ್ದ, 50 ಮೀಟರ್ ಅಗಲ. ಒಂದೊಂದು ತಂಡದಿಂದ ಆರು ಜನ. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಆದರೆ ಪಾಸ್ ಮಾತ್ರ ಹಿಂದಕ್ಕೇ ಕೊಡಬೇಕು. ಹೊಸಬರು ತಡವರಿಸುವುದು ಇಲ್ಲೇ. ಎದುರಾಳಿ ಮುಟ್ಟಿದ ಕೂಡಲೇ ನಿಲ್ಲಬೇಕು, ಮುಟ್ಟಿದ ಜಾಗದಲ್ಲೇ ಚೆಂಡನ್ನು ನೆಲಕ್ಕಿಟ್ಟು ಎರಡು ಕಾಲಿನ ನಡುವೆ ಹಿಂದಕ್ಕೆ ಉರುಳಿಸಬೇಕು. ಇದೇ ರೋಲ್‌ಬಾಲ್. ಅಷ್ಟರಲ್ಲಿ ಎದುರು ತಂಡದವರು ಏಳು ಮೀಟರ್ ಹಿಂದೆ ಸರಿದಿರಬೇಕು. ಹಿಂದೆ ನಿಂತು ಚೆಂಡು ಎತ್ತಿಕೊಳ್ಳುವವರನ್ನು ಹಾಫ್ ಅನ್ನುತ್ತಾರೆ. ಹಾಫ್ ಓಡಬಹುದು, ಆದರೆ ಅಂಕ ಗಳಿಸುವ ಹಾಗಿಲ್ಲ. ಚೆಂಡು ಕೈಯಲ್ಲಿರುವಾಗ ಮುಟ್ಟಿಸಿಕೊಂಡರೆ ಚೆಂಡು ಎದುರಾಳಿಗೆ ಹೋಗುತ್ತದೆ. ಹಾಗಾಗಿ ಹಾಫ್ ಆದವರು ಚೆಂಡನ್ನು ಬೇಗ ದಾಟಿಸುವುದೇ ಜಾಣತನ.

ಆರು ಸಲ ಮುಟ್ಟಿಸಿಕೊಂಡರೆ ಸರದಿ ಮುಗಿಯಿತು. ಚೆಂಡು ನೆಲಕ್ಕೆ ಬಿದ್ದರೂ ಅಷ್ಟೇ. ಅದರೊಳಗೆ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ತಾಕಿಸಿದರೆ ಟ್ರೈ (ಹಿಂದೆ ಟಚ್‌ಡೌನ್ ಅನ್ನುತ್ತಿದ್ದರು), ಒಂದು ಅಂಕ.

ಮುಟ್ಟುವುದೇ ಮುಖ್ಯವಾದರೂ ಕಬಡ್ಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಬಡ್ಡಿಯಲ್ಲಿ ಅಂಕಕ್ಕಾಗಿ ಮುಟ್ಟುವವನು ದಾಳಿ ಮಾಡುವವನು. ಮುಟ್ಟಿಸಿಕೊಂಡವನು ‘ತಾಗಲೇ ಇಲ್ಲ’ ಅಂತ ಕೈ ಆಡಿಸುತ್ತಾನೆ, ಅಂಪೈರ್ ಕಡೆ ನೋಡುತ್ತಾನೆ, ಅರ್ಧ ಆಟ ವಾದದಲ್ಲೇ ಹೋಗುತ್ತದೆ. ಊರ ಹಬ್ಬದ ಪಂದ್ಯ ನೋಡಿದವರಿಗೆ ಇದು ಗೊತ್ತು, ಅಲ್ವಾ? ಟಚ್‌ನಲ್ಲಿ ಮುಟ್ಟಿಸಿಕೊಂಡವರೇ ನಿಂತು, ಆ ಜಾಗಕ್ಕೇ ಬಂದು ಚೆಂಡು ಇಡಬೇಕು. ಎರಡು ಹೆಜ್ಜೆ ಮುಂದೆ ಹೋಗಿ ಇಟ್ಟರೆ ಪೆನಾಲ್ಟಿ. ಮುಟ್ಟಿಸಿಕೊಂಡ ಮೇಲೆ ಪಾಸ್ ಕೊಟ್ಟರೂ ಪೆನಾಲ್ಟಿ. ಮುಟ್ಟದೆ ‘ಟಚ್’ ಎಂದು ಕೂಗುವುದಂತೂ ದೊಡ್ಡ ತಪ್ಪು. ಕಬಡ್ಡಿ ನನಗೆ ಇವತ್ತಿಗೂ ಪ್ರಾಣ. ಆದರೆ ಈ ಒಂದು ವಿಷಯದಲ್ಲಿ ಇಲ್ಲಿನ ರೀತಿಯೇ ಒಳ್ಳೆಯದು ಎಂದು ಹೇಳದೆ ಇರಲಾರೆ.

ಇನ್ನೊಂದು ವಿಷಯ. ಇಲ್ಲಿ ಮುಟ್ಟಿಸಿಕೊಂಡವರು ಔಟ್ ಆಗುವುದಿಲ್ಲ, ಆಟದಲ್ಲೇ ಇರುತ್ತಾರೆ. ತಂಡದಲ್ಲಿ 14 ಜನರ ತನಕ ಇರಬಹುದು. ಸುಸ್ತಾದವರು ಹೊರಗೆ, ಉಸಿರು ಬಂದವರು ಒಳಗೆ, ಎಷ್ಟು ಸಲ ಬೇಕಾದರೂ ಬದಲಾಗಬಹುದು. ನಮ್ಮ ಕನ್ನಡ ಸಂಘಗಳ ಕ್ರೀಡಾದಿನ ನೆನಪಿಸಿಕೊಳ್ಳಿ. ಗಂಡಸರು ಇಡೀ ದಿನ ಕ್ರಿಕೆಟ್ ಆಡುತ್ತಾರೆ. ಮೊದಲ ಬಾಲಿಗೇ ಔಟಾದವನು ಮರದ ಕೆಳಗೆ ಸುಮ್ನೆ ಕೂರುತ್ತಾನೆ. ಹೆಂಗಸರಿಗೆ ಒಂದು ಲೆಮನ್ ಸ್ಪೂನ್, ಒಂದು ಮ್ಯೂಸಿಕಲ್ ಚೇರ್, ಆಮೇಲೆ ಬಿಸಿಬೇಳೆಬಾತ್ ಬಡಿಸುವ ಕೆಲಸ. ಇದು ಸರಿಯಲ್ಲ. ನಮ್ಮ ಹೆಣ್ಣುಮಕ್ಕಳು ಇಲ್ಲಿನ ಶಾಲೆಗಳಲ್ಲಿ ಹುಡುಗರ ಜೊತೆ ಟಚ್ ಆಡಿ ಬೆಳೆಯುತ್ತಿದ್ದಾರೆ. ಸಂಘದ ಮೈದಾನದಲ್ಲಿ ಅವರೇಕೆ ಪ್ರೇಕ್ಷಕರಾಗಬೇಕು?

ದೊಡ್ಡ ಸಿದ್ಧತೆಯೂ ಬೇಡ. ಗೆರೆಗೆ ಪ್ಲಾಸ್ಟಿಕ್ ಕೋನ್ ಇಡಿ, ರಗ್ಬಿ ಚೆಂಡಿಗಿಂತ ಕೊಂಚ ಸಣ್ಣದಾದ ಟಚ್ ಚೆಂಡು ಒಂದು ತನ್ನಿ. ಉಗುರು ಕತ್ತರಿಸಿರಬೇಕು. ಬಳೆ, ಓಲೆ, ಸರ ತೆಗೆದಿಡಿ. ತೆಗೆಯಲಾಗದ್ದಕ್ಕೆ ಟೇಪ್ ಸುತ್ತಿ. ಮೊದಲ ದಿನ ಮೈದಾನ ಚಿಕ್ಕದಿರಲಿ. ನಿಯಮ ಹೇಳಿಕೊಡಲು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳನ್ನೇ ಬಿಡಿ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನವೆಂಬರಿನಲ್ಲಿ ಇಲ್ಲಿ ಸಂಜೆ ಏಳರವರೆಗೂ ಒಳ್ಳೆಯ ಬೆಳಕಿರುತ್ತದೆ. ಈ ಸಲದ ರಾಜ್ಯೋತ್ಸವದ ಪಂದ್ಯಗಳ ಪಟ್ಟಿ ಮಾಡುವಾಗ ಕ್ರಿಕೆಟ್‌ನ ಎರಡು ಗಂಟೆ ಕಡಿಮೆ ಮಾಡಿ, ಟಚ್‌ಗೆ ಜಾಗ ಕೊಡಿ ಎಂದು ಸಂಘದವರನ್ನು ಕೇಳಿಕೊಳ್ಳುತ್ತೇನೆ.