ಮಗುವಿನ ಕ್ರಿಯೇಟಿನಿನ್ ನೋಡುವ ಮೊದಲು ಟೇಪು ಹಿಡಿದು ಎತ್ತರ ಅಳೆಯಿರಿ

ಮೂರು ವರ್ಷದ ಮಗುವಿನ ಲ್ಯಾಬ್ ರಿಪೋರ್ಟು ಅಂದುಕೊಳ್ಳಿ. ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ತ್ಯಾಜ್ಯ) 0.8 ಮಿ.ಗ್ರಾಂ./ಡೆ.ಲೀ. ಪಕ್ಕದ ಕಾಲಂನಲ್ಲಿ ‘0.6–1.2’. ಕೆಂಪು ಗುರುತಿಲ್ಲ, ದಪ್ಪಕ್ಷರವಿಲ್ಲ, ಮನೆಯವರು ನಿರಾಳ. ಆದರೆ ಆ 0.6–1.2 ದೊಡ್ಡವರ ಲೆಕ್ಕ. ಮಗು 92 ಸೆಂ.ಮೀ. ಎತ್ತರವಿದ್ದರೆ, ಅದರ ಕಿಡ್ನಿಗಳು ಮಾಡಬೇಕಾದ ಕೆಲಸದಲ್ಲಿ ಅರ್ಧದಷ್ಟನ್ನು ಮಾತ್ರ ಮಾಡುತ್ತಿವೆ.

ಲೆಕ್ಕ ಸುಲಭ. ಎತ್ತರವನ್ನು (ಸೆಂ.ಮೀ.ನಲ್ಲಿ) 0.413ರಿಂದ ಗುಣಿಸಿ, ಕ್ರಿಯೇಟಿನಿನ್‌ನಿಂದ ಭಾಗಿಸಿ. 92 × 0.413 ಅಂದರೆ 38, ಅದನ್ನು 0.8ರಿಂದ ಭಾಗಿಸಿದರೆ 47.5. ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತದ್ರವ ಸೋಸುತ್ತಿದೆ ಎಂಬುದರ ಅಂದಾಜು ಇದು, 1.73 ಚದರ ಮೀಟರ್ ಮೈ ವಿಸ್ತೀರ್ಣಕ್ಕೆ ಹೊಂದಿಸಿದ್ದು. ಈ ವಯಸ್ಸಿಗೆ 90ರ ಮೇಲಿರಬೇಕು.

ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಪುಟ್ಟ ಮಗುವಿಗೆ ಸ್ನಾಯುವೇ ಕಡಿಮೆ, ಹಾಗಾಗಿ ಕ್ರಿಯೇಟಿನಿನ್ನೂ ಕಡಿಮೆ. ಸ್ನಾಯುವನ್ನು ಅಳೆಯಲಾಗದಿದ್ದರೆ ಎತ್ತರವನ್ನೇ ಅದರ ಬದಲಿಗೆ ಹಿಡಿಯಬಹುದು ಎಂದು 1976ರಲ್ಲಿ ತೋರಿಸಿದವರು ಅಮೆರಿಕದ ಮಕ್ಕಳ ಕಿಡ್ನಿ ತಜ್ಞ ಜಾರ್ಜ್ ಶ್ವಾರ್ಟ್ಸ್ ಮತ್ತು ಅವರ ಜೊತೆಗಾರರು. ಅಲ್ಲಿಯವರೆಗೆ 24 ಗಂಟೆಯ ಮೂತ್ರ ಕೂಡಿಡಬೇಕಿತ್ತು. ಮೂರು ವರ್ಷದ ಮಗುವಿನ ಮೂತ್ರವನ್ನು ಒಂದು ದಿನವಿಡೀ ಹನಿ ಚೆಲ್ಲದೆ ಕ್ಯಾನಿಗೆ ಹಿಡಿಯುವುದೆಂದರೆ ಏನೆಂದು ಮಕ್ಕಳಿರುವ ಮನೆಯವರಿಗೆ ಹೇಳಬೇಕಿಲ್ಲ.

0.413ರ ಜಾಗದಲ್ಲಿ ಅವರು ಮೊದಲು ಕೊಟ್ಟ ಅಂಕಿ 0.55. ಅಂದು ಕ್ರಿಯೇಟಿನಿನ್ ಅಳೆಯುತ್ತಿದ್ದ ಯಾಫೆ ವಿಧಾನ ಅದರ ಜೊತೆಗೆ ರಕ್ತದ ಬೇರೆ ಕೆಲವು ವಸ್ತುಗಳನ್ನೂ ಸೇರಿಸಿ ಎಣಿಸುತ್ತಿತ್ತು, ಹಾಗಾಗಿ ಕ್ರಿಯೇಟಿನಿನ್ ಅಂಕಿ ಹೆಚ್ಚು ಬರುತ್ತಿತ್ತು. ಕಿಣ್ವದ ವಿಧಾನ ಬಂದ ಮೇಲೆ ಅದೇ ರಕ್ತಕ್ಕೆ ಕಡಿಮೆ ಅಂಕಿ, ಹಳೇ ಸೂತ್ರಕ್ಕೆ ಹಾಕಿದರೆ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣತೊಡಗಿತು. ತಮ್ಮ ಸೂತ್ರವನ್ನು ಶ್ವಾರ್ಟ್ಸ್ ತಾವೇ ತಿದ್ದಿದರು. ಕಿಡ್ನಿ ಕಾಯಿಲೆಯ ಮಕ್ಕಳಿಗೆ ಅಯೋಹೆಕ್ಸಾಲ್ (ಕಿಡ್ನಿಯ ಮೂಲಕವೇ ಹೊರಹೋಗುವ ವಸ್ತು) ಚುಚ್ಚಿ, 10, 30, 120, 300ನೇ ನಿಮಿಷಕ್ಕೆ ರಕ್ತ ತೆಗೆದು, ಅದು ರಕ್ತದಿಂದ ಎಷ್ಟು ಬೇಗ ಇಳಿಯುತ್ತದೆಂದು ಅಳೆದರು. 2009ರಲ್ಲಿ ಬಂದದ್ದು ಈ 0.413. ನನಗೆ ಮೂಲ ಸೂತ್ರಕ್ಕಿಂತ ಈ ತಿದ್ದುಪಡಿಯೇ ದೊಡ್ಡ ಕೆಲಸ ಅನ್ನಿಸುತ್ತದೆ. 0.55 ಹಾಕಿದರೆ ಮೇಲಿನ ಮಗುವಿಗೆ 63 ಬರುತ್ತದೆ, ಕಾಯಿಲೆಯ ಒಂದು ಇಡೀ ಹಂತವೇ ಮರೆಯಾಗುತ್ತದೆ.

ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ಸೊರಗಿದ, ಕೈಕಾಲು ಸಣಕಲಾದ ಮಗುವಿನಲ್ಲಿ ಸುಳ್ಳು ಭರವಸೆ ಕೊಡುತ್ತದೆ. ಅಲ್ಲಿ ಸ್ನಾಯುವಿನ ಮೇಲೆ ಅಷ್ಟಾಗಿ ನಿಲ್ಲದ ಇನ್ನೊಂದು ರಕ್ತಪರೀಕ್ಷೆ, ಸಿಸ್ಟಾಟಿನ್ ಸಿ, ನೋಡಬೇಕು. ಕ್ರಿಯೇಟಿನಿನ್ ದಿನದಿಂದ ದಿನಕ್ಕೆ ಏರುತ್ತಿರುವಾಗ ಈ ಲೆಕ್ಕ ಉಪಯೋಗಕ್ಕಿಲ್ಲ. ವರ್ಷ ತುಂಬದ ಕೂಸಿಗೂ ಬೇಡ.

ಕಿಡ್ನಿ ಕಸಿ ಆದ ಮಕ್ಕಳಲ್ಲಿ ಈ ‘ನಾರ್ಮಲ್’ ಕಾಲಂ ಇನ್ನೂ ಅಪಾಯಕಾರಿ. 85 ಸೆಂ.ಮೀ. ಮಗುವಿಗೆ ಅಪ್ಪನ ಕಿಡ್ನಿ ಕೂಡಿಸಿದ ಮೇಲೆ ಕ್ರಿಯೇಟಿನಿನ್ 0.3ಕ್ಕೆ ಇಳಿಯಬಹುದು. ರಿಪೋರ್ಟಿನಲ್ಲಿ ‘ಕಡಿಮೆ’ ಎಂದು ಗುರುತು ಬೀಳುತ್ತದೆ, ಮನೆಯವರು ಗಾಬರಿ. ಎರಡು ತಿಂಗಳ ನಂತರ 0.6 ಬಂದರೆ ಗುರುತು ಮಾಯ! ಅಂದಾಜು 117ರಿಂದ 58ಕ್ಕೆ ಬಿದ್ದಿದೆ, ಕಾಗದ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿರಬಹುದು, ಮೂತ್ರನಾಳ ಕಟ್ಟಿರಬಹುದು, ನೀರು ಸಾಲದೇ ಇರಬಹುದು, ಟ್ಯಾಕ್ರೋಲಿಮಸ್ (ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧ) ಮಟ್ಟ ಏರಿರಬಹುದು. ಯಾವುದೇ ಆಗಲಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವಂಥದ್ದಲ್ಲ. ಇಷ್ಟು ಸಣ್ಣ ಅಂಕಿಗಳಲ್ಲಿ 0.1ರ ವ್ಯತ್ಯಾಸವೂ ದೊಡ್ಡದು, ಆದ್ದರಿಂದ ಪ್ರತಿ ಸಲ ಒಂದೇ ಲ್ಯಾಬು, ಸಾಧ್ಯವಾದರೆ ಕಿಣ್ವದ ವಿಧಾನವೇ ಇರಲಿ.

ಟ್ಯಾಕ್ರೋಲಿಮಸ್‌ಗೆ ರಕ್ತ ಕೊಡುವ ದಿನ ಬೆಳಗಿನ ಡೋಸು ಕೊಡದೆ ಕರೆದೊಯ್ಯಬೇಕು, ರಕ್ತ ತೆಗೆದ ಮೇಲೆ ಕೊಡಬೇಕು. ಕೊಟ್ಟು ಹೋದರೆ ಮಟ್ಟ ಸುಳ್ಳೇ ಹೆಚ್ಚು ಬಂದು ಡೋಸು ಇಳಿಸಿಬಿಡುತ್ತಾರೆ. ಭೇದಿಯಾದಾಗ ಮಟ್ಟ ನಿಜಕ್ಕೂ ಏರುತ್ತದೆ, ಜೊತೆಗೆ ಮೈಯ ನೀರೂ ಹೋಗುತ್ತದೆ. ಅವತ್ತೇ ಫೋನ್ ಮಾಡಿ. ಕ್ಲಾರಿತ್ರೋಮೈಸಿನ್, ಫ್ಲುಕೊನಜೋಲ್ ಎಂಬ ಔಷಧಗಳೂ ಮಟ್ಟ ಏರಿಸುತ್ತವೆ, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಹಣ್ಣಿನಲ್ಲಿ ಚಕ್ಕೋತವೂ ಮಟ್ಟ ಏರಿಸುತ್ತದೆ, ಅದು ಬೇಡವೇ ಬೇಡ, ದೇವನಹಳ್ಳಿಯದ್ದಾದರೂ ಸರಿ.