ಸತ್ಯಾಂಶ: ಆಟಿಸಂ ಇರುವ ಮಗುವಿಗೆ ಮಾಮೂಲಿ ಶಾಲೆಯಲ್ಲಿ ಜಾಗ ಇಲ್ಲವೇ?

‘ಆಟಿಸಂ, ಡಿಸ್ಲೆಕ್ಸಿಯಾ ಇರುವ ಮಕ್ಕಳು ವಿಶೇಷ ಶಾಲೆಗೇ ಹೋಗಬೇಕು, ಮಾಮೂಲಿ ಶಾಲೆಗೆ ಸೇರಿಸುವಂತಿಲ್ಲ, ಇದು ಕಾನೂನು’ ಎನ್ನುವ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. (ಆಟಿಸಂ ಅಂದರೆ ಬೇರೆಯವರೊಡನೆ ಬೆರೆಯುವ, ಮಾತಾಡುವ, ಸುತ್ತಲಿನದನ್ನು ಗ್ರಹಿಸುವ ರೀತಿ ಬೇರೆಯಾಗಿರುವುದು; ಡಿಸ್ಲೆಕ್ಸಿಯಾ ಅಂದರೆ ಓದು-ಬರಹ ಕಷ್ಟವಾಗುವುದು.) ಇದು ತಪ್ಪು.

ಕಾನೂನು ಹೇಳುವುದು ಇದರ ಉಲ್ಟಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ, ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ) ಎರಡೂ ಇವೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕು, ಅವರಿಗೆ ಬೇಕಾದ ಅನುಕೂಲವನ್ನೂ ಮಾಡಿಕೊಡಬೇಕು ಎನ್ನುತ್ತದೆ 16ನೇ ಕಲಂ. ವಿಶೇಷ ಶಾಲೆ ಬೇಕೆಂದರೆ ಅದೂ ಇದೆ. ಆದರೆ ಅದು ಆಯ್ಕೆ, ಕಡ್ಡಾಯವಲ್ಲ.

ಅನುಕೂಲ ಅಂದ ತಕ್ಷಣ ಲಕ್ಷಗಟ್ಟಲೆ ಖರ್ಚು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಖರ್ಚೇ ಇರುವುದಿಲ್ಲ. ಕೆಲವು ಮಕ್ಕಳಿಗೆ ಕಟಕಟ ಅನ್ನುವ ಫ್ಯಾನಿನ ಸದ್ದೇ ಹಿಂಸೆ, ಬೆಂಚು ಬದಲಿಸಿದರೆ ಸಾಕು. ದಿನದ ಪಾಠಗಳ ಕ್ರಮವನ್ನು ಬೆಳಿಗ್ಗೆಯೇ ಬೋರ್ಡಿನ ಮೇಲೆ ಬರೆದಿಟ್ಟರೆ, ಮುಂದೇನು ಎಂಬ ಗಾಬರಿ ಕಡಿಮೆಯಾಗುತ್ತದೆ. ‘ಪುಸ್ತಕ ತೆಗಿ, 12ನೇ ಪುಟ ನೋಡು, ಬರೆದುಕೋ’ ಅಂತ ಒಂದೇ ಉಸಿರಿಗೆ ಹೇಳುವ ಬದಲು ಒಂದೊಂದಾಗಿ ಹೇಳಬಹುದು. ಬರೆಯಲು ಒದ್ದಾಡುವ ಮಗುವಿನ ಉತ್ತರವನ್ನು ಬಾಯಲ್ಲೇ ಕೇಳಬಹುದು. ‘ನನ್ನ ಕಣ್ಣು ನೋಡಿ ಮಾತಾಡು’ ಎಂಬ ಹಠವನ್ನಂತೂ ಬಿಡಲೇಬೇಕು. ಕಣ್ಣು ತಪ್ಪಿಸಿದರೆ ಕೇಳಿಸಿಕೊಳ್ಳುತ್ತಿಲ್ಲ ಎಂದೇನೂ ಅಲ್ಲ, ಅಲ್ವಾ?

ಪರೀಕ್ಷೆಯಲ್ಲೂ ದಾರಿ ಇದೆ. ಸಿಬಿಎಸ್‌ಇ ಇಂಥ ಮಕ್ಕಳಿಗೆ ಗಂಟೆಗೆ 20 ನಿಮಿಷ ಜಾಸ್ತಿ ಸಮಯ ಕೊಡುತ್ತದೆ, ಬರೆಯಲು ಸಹಾಯಕರನ್ನೂ ಒಪ್ಪುತ್ತದೆ. ಅದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಕೊನೇ ಗಳಿಗೆವರೆಗೆ ಕಾಯಬೇಡಿ.