ಒಂಬತ್ತು ವರ್ಷದ ಸುಸ್ತಿದಾರ

ಮೊನ್ನೆ ಮತ್ತೊಬ್ಬ ಹೊಸ ಫೆಡರರ್ ಹುಟ್ಟಿದ. ಹುಡುಗನ ಹೆಸರು ಹೇಳುವುದಿಲ್ಲ, ಪಾಪ, ಅವನದೇನೂ ತಪ್ಪಿಲ್ಲ. ತನ್ನ ಪಾಡಿಗೆ ತಾನು ಆಡಿದ, ತನಗಿಂತ ದೊಡ್ಡವನೊಬ್ಬನನ್ನು ಸೋಲಿಸಿದ, ಊಟ ಮಾಡಿ ಮಲಗಿದ. ನಾನು ಬೆಳಗ್ಗೆ ಎದ್ದು ಹಾಲಿನ ಪ್ಯಾಕೆಟ್ ಕತ್ತರಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು: ಟೆನಿಸ್‌ಗೆ ಸಿಕ್ಕಿದ ಹೊಸ ಫೆಡರರ್! ಹಳೆಯವನು, ಅದೇ ಸ್ವಿಟ್ಜರ್ಲೆಂಡಿನ ಮಹಾನ್ ಆಟಗಾರ ರೋಜರ್ ಫೆಡರರ್, ಕಳೆದುಹೋಗಿದ್ದಾನೆ ಅಂತ ಯಾರು ದೂರು ಕೊಟ್ಟಿದ್ದರೋ ಗೊತ್ತಿಲ್ಲ. ಆತ ಎರಡು ಜೋಡಿ ಅವಳಿ ಮಕ್ಕಳನ್ನು ಸಾಕಿಕೊಂಡು ಚೆನ್ನಾಗೇ ಇದ್ದಾನೆ.

ಇದು ಎಷ್ಟನೆಯ ಹೊಸ ಫೆಡರರ್ ಅನ್ನುವ ಲೆಕ್ಕ ನನಗೆ ತಪ್ಪಿಹೋಗಿದೆ. ಬಲ್ಗೇರಿಯಾದ ಗ್ರಿಗೊರ್ ಡಿಮಿಟ್ರೊವ್‌ಗೆ ‘ಬೇಬಿ ಫೆಡ್’ ಅಂತಲೇ ಹೆಸರಿಟ್ಟಿದ್ದರು. ಒಂದೇ ಕೈಯ ಬ್ಯಾಕ್‌ಹ್ಯಾಂಡ್, ಅದೇ ಠೀವಿ, ಅಷ್ಟು ಸಾಕಾಯಿತು. ಆಮೇಲೆ ಆತ ವಿಶ್ವ ರ‍್ಯಾಂಕಿಂಗ್‌ನಲ್ಲಿ 3ನೇ ಸ್ಥಾನಕ್ಕೆ ಬಂದ. 2017ರಲ್ಲಿ ವರ್ಷದ ಕೊನೆಗೆ ಅಗ್ರ ಎಂಟು ಮಂದಿ ಆಡುವ ಎಟಿಪಿ ಫೈನಲ್ಸ್ ಗೆದ್ದ. 2019ರ ಅಮೆರಿಕ ಓಪನ್‌ನಲ್ಲಿ ಅಸಲಿ ಫೆಡರರ್‌ನನ್ನೇ ಸೋಲಿಸಿದ. ಏನು ಪ್ರಯೋಜನ? ಮೂವತ್ತು ದಾಟಿದ ಮೇಲೂ ಬೇಬಿ ಬೇಬಿಯೇ. ನಮ್ಮ ಕಡೆ ಪುಟ್ಟಸ್ವಾಮಿ ಅಂತ ಹೆಸರಿಟ್ಟರೆ ಮೊಮ್ಮಕ್ಕಳ ಮದುವೆ ಮಾಡಿದ ಮೇಲೂ ಪುಟ್ಟಸ್ವಾಮಿಯೇ ಅಲ್ವಾ, ಹಾಗೆ.

ಈ ವಿಷಯದಲ್ಲಿ ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳು ಎಷ್ಟೋ ವಾಸಿ. ಅಲ್ಲಿ ಜೂನಿಯರ್ ರಾಜ್‌ಕುಮಾರ್ ಬರುತ್ತಾರೆ. ಜೂನಿಯರ್ ವಿಷ್ಣುವರ್ಧನ್ ಕಡಗ ತಿರುಗಿಸುತ್ತಾ ಬರುತ್ತಾರೆ. ಜೂನಿಯರ್ ಶಂಕರ್‌ನಾಗ್ ಬಂದರಂತೂ ಆಟೋ ಸ್ಟ್ಯಾಂಡಿನ ಕಡೆಯಿಂದ ಬೀಳುವ ಶಿಳ್ಳೆಗೆ ಪೆಂಡಾಲು ಅಲ್ಲಾಡುತ್ತದೆ. ನಾನೂ ಶಿಳ್ಳೆ ಹೊಡೆದಿದ್ದೇನೆ, ಯಾಕೆ ಸುಳ್ಳು ಹೇಳಲಿ. ಹತ್ತು ಗಂಟೆಗೆ ಪೊಲೀಸರು ಬಂದು ಮೈಕ್ ಬಂದ್ ಮಾಡಿಸುತ್ತಾರೆ. ಜೂನಿಯರ್ ರಾಜ್‌ಕುಮಾರ್ ವಿಗ್ ತೆಗೆದು ಚೀಲಕ್ಕೆ ತುರುಕಿ, ದುಡ್ಡು ಎಣಿಸಿಕೊಂಡು, ಯಾರದೋ ಬೈಕಿನ ಹಿಂದೆ ಕೂತು ಮನೆಗೆ ಹೋಗುತ್ತಾರೆ. ಮಾರನೇ ದಿನ ಯಾವ ಪೇಪರೂ ‘ರಾಜ್‌ಕುಮಾರ್ ಆಗುವಲ್ಲಿ ವಿಫಲ’ ಅಂತ ಬರೆಯುವುದಿಲ್ಲ. ಟೆನಿಸ್‌ನವರು ವಿಗ್ ಹಾಕುತ್ತಾರೆ, ತೆಗೆಯಲು ಬಿಡುವುದಿಲ್ಲ.

ವಿಗ್ ಹಾಕುವುದರಲ್ಲಿ ಫ್ರೆಂಚರನ್ನು ಮೀರಿಸಿದವರಿಲ್ಲ. 1996ರ ಫೆಬ್ರವರಿಯಲ್ಲಿ ಅಲ್ಲಿನ ಟೆನಿಸ್ ಪತ್ರಿಕೆಯೊಂದು ರಿಚರ್ಡ್ ಗಾಸ್ಕೆಯ ಫೋಟೊವನ್ನು ಮುಖಪುಟಕ್ಕೆ ಹಾಕಿತು. ಫ್ರಾನ್ಸ್ ಕಾಯುತ್ತಿರುವ ಚಾಂಪಿಯನ್ ಎನ್ನುವ ಅರ್ಥದ ತಲೆಬರಹ. ಚಾಂಪಿಯನ್‌ನ ವಯಸ್ಸು ಒಂಬತ್ತು. ನಮ್ಮಲ್ಲಾದರೆ ನಾಲ್ಕನೇ ಕ್ಲಾಸು. ಆ ವಯಸ್ಸಿನಲ್ಲಿ ನಾನು ಕಾಯುತ್ತಿದ್ದದ್ದು ಐಸ್‌ಕ್ಯಾಂಡಿಯವನನ್ನು. ನನ್ನನ್ನು ಕಾಯುತ್ತಿದ್ದದ್ದು ಮಗ್ಗಿ ಕೇಳುವ ಮೇಷ್ಟ್ರು ಒಬ್ಬರೇ. ಈ ಹುಡುಗನನ್ನು ಒಂದು ಇಡೀ ದೇಶ ಕಾಯುತ್ತಿತ್ತು.

ದೇಶಕ್ಕೂ ಅದರದೇ ಸಂಕಟ ಇತ್ತು ಅನ್ನಿ. ಯಾನಿಕ್ ನೋಹಾ 1983ರಲ್ಲಿ ಫ್ರೆಂಚ್ ಓಪನ್ ಗೆದ್ದಿದ್ದೇ ಕೊನೆ. ಆಮೇಲೆ ಫ್ರಾನ್ಸಿನ ಒಬ್ಬ ಗಂಡಸೂ ಸಿಂಗಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್, ಅಂದರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದನ್ನೂ, ಗೆದ್ದಿಲ್ಲ. ಛತ್ರ ಇವರದು, ಅಡುಗೆ ಇವರದು, ವಾಲಗ ಇವರದು, ಮದುವೆ ಮಾತ್ರ ಪ್ರತಿ ವರ್ಷ ಪಕ್ಕದ ಮನೆ ಹುಡುಗನದು. ಸ್ಪೇನಿನ ರಫೆಲ್ ನಡಾಲ್ ಒಬ್ಬನೇ 14 ಸಲ ಬಂದು ಬಾಸಿಂಗ ಕಟ್ಟಿಸಿಕೊಂಡು ಹೋದ. ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಹಾಗಂತ ನಾಲ್ಕನೇ ಕ್ಲಾಸಿನ ಹುಡುಗನನ್ನು ಎಳೆದು ತಂದು ಹಸೆಮಣೆಯ ಮೇಲೆ ಕೂರಿಸುವುದೇ?

ನಮ್ಮ ಸೊಸೈಟಿ ಬ್ಯಾಂಕುಗಳು ಪೇಪರಿನಲ್ಲಿ ಸುಸ್ತಿದಾರರ ಪಟ್ಟಿ ಹಾಕಿಸುತ್ತವೆ, ನೋಡಿರುತ್ತೀರಿ. ಸಾಲ ಪಡೆದವರು, ಜಾಮೀನುದಾರರು, ಅಸಲೆಷ್ಟು, ಬಡ್ಡಿ ಎಷ್ಟು. ಸೊಸೈಟಿಯವರು ಕೊನೇಪಕ್ಷ ಸಾಲಗಾರನಿಂದ ಒಂದು ಅರ್ಜಿ ಬರೆಸಿಕೊಂಡಿರುತ್ತಾರೆ, ಹೆಬ್ಬೆಟ್ಟಾದರೂ ಒತ್ತಿಸಿಕೊಂಡಿರುತ್ತಾರೆ. ಗಾಸ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಅವನ ಹೆಸರಿನಲ್ಲಿ ದೇಶವೇ ಸಾಲ ಎತ್ತಿತು, ದೇಶವೇ ಖುಷಿಪಟ್ಟು ಖರ್ಚು ಮಾಡಿತು. ಕಂತು ಕಟ್ಟುವುದು ಮಾತ್ರ ಅವನ ಪಾಲಿಗೆ.

ಕಟ್ಟಿದ ಕೂಡ. 2002ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಮಾಂಟೆ ಕಾರ್ಲೊದ ದೊಡ್ಡ ಟೂರ್ನಿಯಲ್ಲಿ ಒಂದು ಪಂದ್ಯ ಗೆದ್ದ. 2005ರಲ್ಲಿ ಅದೇ ಊರಿನಲ್ಲಿ ಆಗಿನ ನಂಬರ್ ಒನ್ ಫೆಡರರ್‌ನನ್ನು ಸೋಲಿಸಿದ. 2007ರ ವಿಂಬಲ್ಡನ್‌ನಲ್ಲಿ ಆ್ಯಂಡಿ ರಾಡಿಕ್ ಎದುರು ಎರಡು ಸೆಟ್ ಹಿಂದೆ ಬಿದ್ದು, ತನ್ನ ಹೆಸರಾಂತ ಬ್ಯಾಕ್‌ಹ್ಯಾಂಡ್ ಬೀಸಿ ಬೀಸಿ ಗೆದ್ದು ಸೆಮಿಫೈನಲ್‌ಗೆ ಹೋದ. ಅದೇ ವರ್ಷ ವಿಶ್ವದ 7ನೇ ಆಟಗಾರ. ಒಟ್ಟು 16 ಪ್ರಶಸ್ತಿ, ಲಂಡನ್ ಒಲಿಂಪಿಕ್ಸ್ ಡಬಲ್ಸ್‌ನಲ್ಲಿ ಕಂಚು, 2017ರಲ್ಲಿ ಫ್ರಾನ್ಸ್ ತಂಡದ ಜೊತೆ ದೇಶ ದೇಶಗಳ ನಡುವಿನ ಡೇವಿಸ್ ಕಪ್, 600ಕ್ಕೂ ಜಾಸ್ತಿ ಗೆಲುವು. ಭೂಮಿಯ ಮೇಲೆ ಅವನಿಗಿಂತ ಮೇಲೆ ಆರೇ ಜನ ಇದ್ದ ಕಾಲ ಇತ್ತು. ನಿಮ್ಮ ಆಫೀಸಿನಲ್ಲಿ, ನಿಮ್ಮ ಸೆಕ್ಷನ್ನಿನಲ್ಲೇ, ನಿಮಗಿಂತ ಚೆನ್ನಾಗಿ ಕೆಲಸ ಮಾಡುವವರು ಎಷ್ಟು ಜನ? ಸುಮ್ನೆ ಕೇಳಿದೆ.

ನಡುವೆ 2009ರಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಕೊಕೇನ್ ಸಿಕ್ಕಿತು. ಮಯಾಮಿಯ ಕ್ಲಬ್ಬಿನಲ್ಲಿ ಕೊಕೇನ್ ಸೇವಿಸಿದ್ದ ಹುಡುಗಿಗೆ ಕೊಟ್ಟ ಮುತ್ತಿನಿಂದ ಬಂದದ್ದು ಎಂದು ವಾದಿಸಿದ. ಎಲ್ಲರೂ ನಕ್ಕರು. ವಿಚಾರಣೆ ನಡೆಸಿದವರು ನಗಲಿಲ್ಲ, ಇರಬಹುದು ಎಂದು ಒಪ್ಪಿದರು, ಕ್ರೀಡಾ ನ್ಯಾಯಮಂಡಳಿಯೂ ಒಪ್ಪಿತು. ಅಷ್ಟರಲ್ಲಿ ಆ ವರ್ಷದ ಫ್ರೆಂಚ್ ಓಪನ್ನೂ ವಿಂಬಲ್ಡನ್ನೂ ಮುಗಿದಿದ್ದವು. ಟೆನಿಸ್ ಇತಿಹಾಸದ ಅತಿ ದುಬಾರಿ ಮುತ್ತು.

ಇನ್ನು ನಡಾಲ್ ವಿಷಯ. ಗಾಸ್ಕೆಗಿಂತ ಬರೀ ಹದಿನೈದು ದಿನ ದೊಡ್ಡವನು. 1999ರಲ್ಲಿ ಫ್ರಾನ್ಸಿನ ತಾರ್ಬ್ ಊರಿನ ಮಕ್ಕಳ ಟೂರ್ನಿಯಲ್ಲಿ ಇಬ್ಬರೂ ಎದುರಾದರು. ಗೆದ್ದದ್ದು ಗಾಸ್ಕೆ. ದೊಡ್ಡವರಾದ ಮೇಲೆ ಅಗ್ರ ಮಟ್ಟದ ಟೂರ್ನಿಗಳಲ್ಲಿ ಇಬ್ಬರೂ 18 ಸಲ ಆಡಿದರು. ಹದಿನೆಂಟೂ ನಡಾಲ್‌ಗೆ. ಹುಡುಗ ಹನ್ನೆರಡಕ್ಕೇ ಫಸಲು ಕೊಯ್ದುಬಿಟ್ಟ, ಉಳಿದ ಇಪ್ಪತ್ತು ವರ್ಷ ಕಂದಾಯ ಕಟ್ಟಿದ.

2025ರ ಮೇ ಕೊನೆಯಲ್ಲಿ, ಪ್ಯಾರಿಸ್‌ನಲ್ಲೇ, ಇಟಲಿಯ ಯಾನಿಕ್ ಸಿನ್ನರ್ ಎದುರು ಸೋತು ಗಾಸ್ಕೆ ರ‍್ಯಾಕೆಟ್ ಕೆಳಗಿಟ್ಟ. ವಯಸ್ಸು 38. ಬೀಳ್ಕೊಡುಗೆಯ ಬರಹಗಳನ್ನು ಓದಿದೆ. ಎಲ್ಲ ಹೊಗಳಿಕೆಯ ಬಾಲದಲ್ಲೂ ಒಂದು ‘ಆದರೆ’. ಅದ್ಭುತ ಬ್ಯಾಕ್‌ಹ್ಯಾಂಡ್, ಆದರೆ. ಒಳ್ಳೆಯ ಮನುಷ್ಯ, ಆದರೆ. ಮೂರು ಸಾಲು ಇಳಿಯುವಷ್ಟರಲ್ಲಿ ಆ ಒಂಬತ್ತು ವರ್ಷದ ಫೋಟೊ ಹಾಜರು. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಸಾಲಪತ್ರ. ಸುಸ್ತಿದಾರನೆಂದರೆ ಸಾಲ ತೀರಿಸದವನು ಎಂದು ನಿಘಂಟು ಹೇಳುತ್ತದೆ. ನನಗೆ ಮಾತ್ರ ಆ ಪದದಲ್ಲಿ ‘ಸುಸ್ತು’ ಎದ್ದು ಕಾಣುತ್ತದೆ.

ಬ್ರಿಟಿಷರು ಇದೇ ವ್ಯವಹಾರವನ್ನು ಇನ್ನೂ ಬೇಗ ಮುಗಿಸುತ್ತಾರೆ. ಫ್ರೆಂಚರಿಗೆ ಮೂವತ್ತು ವರ್ಷ ಹಿಡಿದದ್ದು ಇವರಿಗೆ ಒಂದೇ ಬೇಸಿಗೆ. 2021ರ ಜುಲೈ, ವಿಂಬಲ್ಡನ್ ನಾಲ್ಕನೇ ಸುತ್ತು. ಎಮ್ಮಾ ರಾಡುಕಾನುಗೆ ಉಸಿರಾಟದ ತೊಂದರೆಯಾಗಿ ಆಟ ಬಿಟ್ಟಳು. ಹದಿನೆಂಟು ವರ್ಷದ ಹುಡುಗಿ. ಟಿ.ವಿ.ಯಲ್ಲಿ ಕೂತವರು ತಕ್ಷಣ ರೋಗ ಕಂಡುಹಿಡಿದರು: ಒತ್ತಡ ತಡೆಯಲಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ಹುಡುಗಿ ಅರ್ಹತಾ ಸುತ್ತಿನಿಂದ ಶುರು ಮಾಡಿ, ಹತ್ತು ಪಂದ್ಯ ಆಡಿ, ಒಂದೂ ಸೆಟ್ ಕಳೆದುಕೊಳ್ಳದೆ ಅಮೆರಿಕ ಓಪನ್ ಗೆದ್ದಳು. ಅರ್ಹತಾ ಸುತ್ತಿನಿಂದ ಬಂದವರು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು. ಅದೇ ಬೇಸಿಗೆಯಲ್ಲಿ ಅವಳ ಎ-ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ, ಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಗಣಿತದಲ್ಲಿ ಎ ಸ್ಟಾರ್, ಅರ್ಥಶಾಸ್ತ್ರದಲ್ಲಿ ಎ. ಅರ್ಥಶಾಸ್ತ್ರ ಓದಿದ್ದರೂ ಮುಂದೆ ಬರಲಿರುವ ಬಡ್ಡಿಯ ಲೆಕ್ಕ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಜಾಹೀರಾತಿಗೆ ಟಿಫನಿ ಬಂತು, ಡಿಯೋರ್ ಬಂತು, ಬ್ರಿಟಿಷ್ ಏರ್‌ವೇಸ್ ಬಂತು, ಪೋರ್ಷೆ ಬಂತು. ಮುಂದಿನ ವರ್ಷ ಅದೇ ಅಮೆರಿಕ ಓಪನ್‌ನ ಮೊದಲ ಸುತ್ತಿನಲ್ಲಿ ಸೋತಳು. ಅಷ್ಟೇ, ಪಂಡಿತರು ಮತ್ತೆ ಹಾಜರು: ಜಾಹೀರಾತು ಜಾಸ್ತಿಯಾಯಿತು, ಕೋಚ್ ಬದಲಾಯಿಸುವುದು ಜಾಸ್ತಿಯಾಯಿತು, ತಲೆ ತಿರುಗಿತು. 2023ರಲ್ಲಿ ಎರಡೂ ಮಣಿಕಟ್ಟಿಗೆ, ಒಂದು ಪಾದದ ಕೀಲಿಗೆ ಆಪರೇಷನ್ ಆಯಿತು. ಕೈ ಕಾಲಿಗೆಲ್ಲ ಬ್ಯಾಂಡೇಜು ಇದ್ದಾಗಲೂ ಇವರ ರೋಗಪತ್ತೆ ತಲೆ ಬಿಟ್ಟು ಕೆಳಗಿಳಿಯಲಿಲ್ಲ.

ಇಲ್ಲಿಯವರೆಗೆ ನಗಬಹುದು. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ವಿಷಯಕ್ಕೆ ಬಂದರೆ ನನಗೆ ನಗು ಬರುವುದಿಲ್ಲ.

1990ರ ಮಾರ್ಚ್‌ನಲ್ಲಿ ಅವಳು ವೃತ್ತಿಪರ ಆಟಕ್ಕೆ ಇಳಿದಳು. ಹದಿನಾಲ್ಕು ತುಂಬಲು ಇನ್ನೂ ಮೂರು ವಾರ ಬಾಕಿ. ಟೂರ್ನಿಯ ಹೆಸರು ವರ್ಜೀನಿಯಾ ಸ್ಲಿಮ್ಸ್ ಆಫ್ ಫ್ಲೋರಿಡಾ. ವರ್ಜೀನಿಯಾ ಸ್ಲಿಮ್ಸ್ ಅಂದರೆ ಸಿಗರೇಟು. ಹದಿಮೂರು ವರ್ಷದ ಹುಡುಗಿಗೆ ಅಂಗಡಿಯವನು ಒಂದು ಪ್ಯಾಕ್ ಮಾರುವಂತಿಲ್ಲ, ಆದರೆ ಅವಳನ್ನು ಪ್ಯಾಕಿನ ಹೆಸರಿನ ಕೆಳಗೆ ಓಡಾಡಿಸಬಹುದು. ಮೊದಲ ಸರ್ವ್ ಮಾಡುವ ಮುಂಚೆಯೇ ಬಟ್ಟೆ ಕಂಪನಿ, ರ‍್ಯಾಕೆಟ್ ಕಂಪನಿಗಳ ಒಪ್ಪಂದ ಕೈಯಲ್ಲಿತ್ತು. ಆ ಟೂರ್ನಿಯಲ್ಲೇ ಫೈನಲ್ ತಲುಪಿದಳು. ಹದಿನಾಲ್ಕಕ್ಕೆ ಫ್ರೆಂಚ್ ಓಪನ್ ಸೆಮಿಫೈನಲ್. ಹದಿನಾರಕ್ಕೆ ಬಾರ್ಸಿಲೋನಾದಲ್ಲಿ ಸ್ಟೆಫಿ ಗ್ರಾಫ್‌ಳನ್ನು ಸೋಲಿಸಿ ಒಲಿಂಪಿಕ್ ಚಿನ್ನ. ಹದಿನೇಳಕ್ಕೆ ಸುಸ್ತಾಗಿ ಆಟ ಬಿಟ್ಟಳು. ಹದಿನೆಂಟಕ್ಕೆ ಗಾಂಜಾ ಕೇಸಿನಲ್ಲಿ ಪೊಲೀಸರು ತೆಗೆದ ಫೋಟೊ ಊರೂರಿನ ಪೇಪರಿನಲ್ಲಿ ಬಂತು. ನಾಲ್ಕು ವರ್ಷದ ಹಿಂದೆ ಅವಳ ನಗುವನ್ನು ಅಚ್ಚು ಹಾಕಿ ಮಾರಿದವರೇ ಅದನ್ನೂ ಮಾರಿದರು. ಎರಡಕ್ಕೂ ಒಳ್ಳೆಯ ವ್ಯಾಪಾರ ಆಯಿತು.

1995ರಲ್ಲಿ ಮಹಿಳಾ ಟೆನಿಸ್‌ನವರು ಹೊಸ ನಿಯಮ ತಂದರು. ಇಂತಿಷ್ಟು ವಯಸ್ಸಿಗೆ ಇಂತಿಷ್ಟೇ ಟೂರ್ನಿ. ಒಳ್ಳೆಯ ನಿಯಮ. ಆದರೆ ಕಟ್ಟಿಹಾಕಿದ್ದು ಮಗುವನ್ನು. ಮಗುವಿನ ಹಿಂದೆ ಕ್ಯಾಮೆರಾ ಹಿಡಿದು ಓಡಿದವರಿಗೆ, ಚೆಕ್ ಬರೆದವರಿಗೆ ಯಾವ ನಿಯಮವೂ ಬರಲಿಲ್ಲ. ಥೂ, ಸಾಕು. ಕ್ಯಾಪ್ರಿಯಾಟಿ ವಾಪಸ್ ಬಂದಳು, 2001ರಲ್ಲಿ ಆಸ್ಟ್ರೇಲಿಯಾ, ಫ್ರಾನ್ಸ್ ಎರಡೂ ಗೆದ್ದಳು, ನಂಬರ್ ಒನ್ ಆದಳು. ಅದು ಅವಳ ಗಟ್ಟಿತನ. ಅದರಲ್ಲಿ ಪಾಲು ಕೇಳಲು ಬರಬೇಡಿ.

ನಾವೇನು ಕಮ್ಮಿ? ನಮ್ಮದು ಕೈಗಡವನ್ನೂ ಕೊಡದೆ ಬಡ್ಡಿ ಕೇಳುವ ಪದ್ಧತಿ. 2009ರಲ್ಲಿ ಯುಕಿ ಭಾಂಬ್ರಿ ಆಸ್ಟ್ರೇಲಿಯನ್ ಓಪನ್ ಬಾಲಕರ ಸಿಂಗಲ್ಸ್ ಗೆದ್ದ. ಜೂನಿಯರ್ ನಂಬರ್ ಒನ್ ಆದ. ಮುಂದಿನ ಲಿಯಾಂಡರ್ ಪೇಸ್ ಸಿಕ್ಕ ಅಂತ ನಾವು ನೆಮ್ಮದಿಯಾಗಿ ಕ್ರಿಕೆಟ್ ನೋಡಲು ಹೋದೆವು. ಗಾಯದ ಮೇಲೆ ಗಾಯ ಮಾಡಿಕೊಂಡು ಆತ ಸಿಂಗಲ್ಸ್‌ನಲ್ಲಿ 83ರವರೆಗೆ ಬಂದ, ಆಮೇಲೆ ಡಬಲ್ಸ್‌ಗೆ ಹೊರಳಿದ. 2023ರಲ್ಲಿ ದೇಶದ ಒಂದನೇ ನಂಬರಿನ ಸಿಂಗಲ್ಸ್ ಆಟಗಾರ ಸುಮಿತ್ ನಗಾಲ್, ತನ್ನ ಖಾತೆಯಲ್ಲಿರುವುದು 900 ಯೂರೊ ಎಂದು ಬಾಯಿಬಿಟ್ಟು ಹೇಳಿದ. ಸುಮಾರು 80 ಸಾವಿರ ರೂಪಾಯಿ. ಜಗತ್ತು ಸುತ್ತಿ ಆಡಬೇಕಾದವನ ಖಾತೆ ಅದು. ನಾಲ್ಕು ತಿಂಗಳ ನಂತರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕ ಪಡೆದಿದ್ದ ಕಜಕಸ್ತಾನದ ಬುಬ್ಲಿಕ್‌ನನ್ನು ಸೋಲಿಸಿದಾಗ ಮಾತ್ರ ಅವನು 140 ಕೋಟಿ ಜನರ ಮನೆಮಗ.

ಅದೇ ಟೂರ್ನಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯಾದ ಎಬ್ಡೆನ್ ಜೊತೆ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ವಯಸ್ಸು 43. ಮಂಡಿಚಿಪ್ಪಿನ ಹಿಂದೆ ಸವೆಯಲು ಏನೂ ಉಳಿದಿಲ್ಲದ ಕಾಲು. ಎಲ್ಲರಿಗೂ ಆಶ್ಚರ್ಯವೋ ಆಶ್ಚರ್ಯ. ಆಗದೆ ಇನ್ನೇನು, ಆ ವಯಸ್ಸಿನಲ್ಲಿ ಅವರನ್ನು ಯಾರೂ ಕಾಯುತ್ತಿರಲಿಲ್ಲವಲ್ಲ.

ನಮ್ಮ ಲೇಔಟಿನ ಹಿಂದೆ ಒಂದು ಟೆನಿಸ್ ಕೋರ್ಟಿದೆ. ಶನಿವಾರ ಬೆಳಗ್ಗೆ ವಾಕಿಂಗ್ ಹೋದಾಗ ಬೇಲಿಯ ಪಕ್ಕ ನಿಲ್ಲುತ್ತೇನೆ. ಒಳಗೆ ಏಳೆಂಟು ವರ್ಷದ ಮಕ್ಕಳು, ಹೊರಗೆ ಫೋನು ಹಿಡಿದ ಅಪ್ಪಂದಿರು. ಮೊನ್ನೆ ಒಬ್ಬರು ತಾವಾಗಿಯೇ ಮಾತಿಗೆ ಬಂದರು.

“ಆ ಹಳದಿ ಟೀಶರ್ಟು ನಮ್ಮವನು ಸಾರ್. ಅವನಲ್ಲಿ ಆ ಸ್ಪೇನಿನ ಚಾಂಪಿಯನ್ ಅಲ್ಕರಾಜ್ ಕಾಣ್ತಾನೆ ಅಂತಾರೆ ಕೋಚು.”

“ಫೀಸು ಎಷ್ಟು?”

“ತಿಂಗಳಿಗೆ ಹನ್ನೆರಡು ಸಾವಿರ.”

“ಹಾಗಾದ್ರೆ ಕಾಣಲೇಬೇಕು ಬಿಡಿ.”

ಅವರು ನಗಲಿಲ್ಲ. ಅಷ್ಟರಲ್ಲಿ ಅಲ್ಕರಾಜ್ ಬೀಸಿದ ಚೆಂಡು ಬೇಲಿ ಹಾರಿ ಮೋರಿಗೆ ಬಿತ್ತು. ತರಲು ಅವನೇ ಓಡಿದ. ಎರಡು ನಿಮಿಷವಾಯಿತು, ಐದು ನಿಮಿಷವಾಯಿತು, ಹುಡುಗ ಇಲ್ಲ. ಕೋಚ್ ಸೀಟಿ ಊದಿದರು. ಅಪ್ಪ ಫೋನು ಕೆಳಗಿಳಿಸಿ ಹೆಸರು ಹಿಡಿದು ಕೂಗಿದರು. ನಾನು ಇಣುಕಿ ನೋಡಿದೆ. ಚೆಂಡು ಪಕ್ಕದಲ್ಲೇ ತೇಲುತ್ತಿತ್ತು. ಹುಡುಗ ಮೋರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಎತ್ತದೆ, ಅಲ್ಲಿಂದಲೇ ಕೂಗಿದ.

“ಅಪ್ಪಾ, ಬೇಗ ಬಾ, ಇಲ್ಲೊಂದು ಕಪ್ಪೆ ಇದೆ!”